ನಲವತ್ತೊಂಬತ್ತನೆಯ ದಿನ

ಗದಿಗೆಪ್ಪನ ಕೋಪ ಮೂಗಿನ ತುದಿಯಲ್ಲಿರಲಿಲ್ಲ. ಮೂಗಿಗಿಂತ ಒಂದು ಗೇಣು ಮುಂದೆಯೇ ನಡೆಯುತ್ತಿತ್ತು. ಪರದೇಶದ ಪಾರ್ಸಿಪನಿ ಊರಿನ ತನ್ನ ಟೌನ್‌ಹೌಸಿನಲ್ಲಿ ಅವನು ಫೋನ್ ಹಿಡಿದು ಕೂಗಾಡಿದರೆ ಮೂರನೆಯ ಮನೆಯ ನಾಯಿ ಉತ್ತರ ಕೊಡುತ್ತಿತ್ತು. ಬೇಸತ್ತ ಹೆಂಡತಿ ಕಮಲವ್ವ ಏಪ್ರಿಲ್ ಮೊದಲ ವಾರ ಒಂದು ಕರಾರು ಹಾಕಿದಳು.

"ಪಕ್ಕದ ಮನಿ ಮೆಂಡೆಲ್ ಅಜ್ಜಾರು ನಲವತ್ತೊಂಬತ್ತು ದಿನದ್ದು ಏನೋ ವ್ರತ ಹಿಡಿತಾರಂತ. ಅವರ ಎಣಿಕಿ ಮುಗಿಯೂತನಕ ನೀವೂ ಸಿಟ್ಟು ಮಾಡದ ಇದ್ರ, ನಿಮ್ಮಪ್ಪನ ಹಾರ್ಮೋನಿಯಂ ಮನ್ಯಾಗ ಇರತೈತಿ. ಒಂದ್ ಸಲ ಒದರಿದ್ರೂ ಮೃತ್ಯುಂಜಯ ಒಯ್ತಾನ."

ಮೃತ್ಯುಂಜಯ ಗದಿಗೆಪ್ಪನ ಆಫೀಸಿನವನೇ, ಧಾರವಾಡ ಕಡೆಯವನೇ. ಕನ್ನಡ ಕೂಟದ ಭಜನಾ ತಂಡಕ್ಕೆ ಆ ಹಾರ್ಮೋನಿಯಂ ಬೇಕೆಂದು ಎರಡು ವರ್ಷದಿಂದ ಬೆನ್ನು ಹತ್ತಿದ್ದ. ಗದಿಗೆಪ್ಪನಿಗೆ ನುಡಿಸಲು ಬರುತ್ತಿರಲಿಲ್ಲ. ಆದರೆ ಮುಚ್ಚಳ ತೆರೆದರೆ ಅಪ್ಪನ ನಶ್ಯದ ವಾಸನೆ ಬರುತ್ತಿತ್ತು, ಅದನ್ನು ಯಾರಿಗೂ ಕೊಡುವ ಮನಸ್ಸು ಅವನಿಗಿರಲಿಲ್ಲ.

ಮೆಂಡೆಲ್ ನಿವೃತ್ತ ಗಣಿತದ ಮೇಷ್ಟ್ರು. ಯಹೂದಿಗಳ ಅನುಭಾವದ ದಾರಿಯಾದ ಕಬ್ಬಾಲಾವನ್ನು ಚೆನ್ನಾಗಿ ಓದಿಕೊಂಡವರು. ಶುಕ್ರವಾರ ಸಂಜೆ ಅವರ ಕಿಟಕಿಯಲ್ಲಿ ದೀಪ ಹಚ್ಚುವುದನ್ನು ಗದಿಗೆಪ್ಪ ಹನ್ನೊಂದು ವರ್ಷದಿಂದ ನೋಡಿದ್ದ, ಯಾಕೆಂದು ಕೇಳಿರಲಿಲ್ಲ. ಪಾಸೋವರ್ ಹಬ್ಬದ ಎರಡನೆಯ ಸಂಜೆ ಅವರು ಅಂಗಳದಲ್ಲಿ ನಿಂತು "ಇಂದು ಮೊದಲನೆಯ ದಿನ" ಎಂದು ಎಣಿಕೆ ಶುರು ಮಾಡಿದಾಗ ಇವನು ಬೇಲಿಯ ಈಚೆಗೇ ಇದ್ದ. ಕರುಣೆ, ಸಂಯಮದಿಂದ ಹಿಡಿದು ಅರಸುತನದವರೆಗೆ ಏಳು ಗುಣ, ಏಳು ವಾರ. ದಿನಕ್ಕೊಂದು ಮೂಲೆಯಂತೆ ಮನಸ್ಸನ್ನು ಉಜ್ಜಬೇಕು ಎಂದು ಅವರು ವಿವರಿಸಿದರು.

"ಜಗತ್ತಿಗೆ ಜಾಗ ಮಾಡಿಕೊಡಲು ದೇವರೇ ಸ್ವಲ್ಪ ಸರಿದು ಕೂತನಂತೆ. ನೀನೂ ಸ್ವಲ್ಪ ಸರಿ," ಅಂದರು.

ಗದಿಗೆಪ್ಪ ಒಳಗೆ ಬಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ಗುರುವಾರಕ್ಕೆ 'ಒಂದು' ಎಂದು ಗುರುತು ಹಾಕಿದ.

ಹಾಗೆ ಗುರುತು ಹಾಕುತ್ತ ಮೇ ತಿಂಗಳ ಒಂದು ಬುಧವಾರ ನಲವತ್ತೊಂಬತ್ತು ಬಂತು. ಹೊತ್ತು ಮುಳುಗಿದರೆ ದಿನ ಮುಗಿಯಿತು ಎಂದು ಮೆಂಡೆಲ್ ಹೇಳಿದ್ದು ಅವನಿಗೆ ನೆನಪಿತ್ತು. ಸೂರ್ಯಾಸ್ತ ಎಂಟೂ ಹನ್ನೆರಡಕ್ಕೆ ಎಂದು ಫೋನ್ ತೋರಿಸಿತು.

ಅವತ್ತು ಆಫೀಸಿಗೆ ಡ್ರೈವ್ ಮಾಡುವ ಸರದಿ ಮೃತ್ಯುಂಜಯನದು. ಮುಕ್ಕಾಲು ಗಂಟೆ ತಡವಾಗಿ ವ್ಯಾನ್ ತಂದ. ಅಲ್ಲಿ ವೇಗದವರಿಗೆಂದೇ ಇರುವ ಹೈವೇಯ ಎಡ ಲೇನಿನಲ್ಲಿ, ಹಿಂದಿನವರೆಲ್ಲ ಹಾರ್ನ್ ಹೊಡೆಯುವಂತೆ, ನಲವತ್ತು ಮೈಲಿ ವೇಗದಲ್ಲಿ ಹೋದ.

"ಗದಿಗೆಪ್ಪಣ್ಣ, ಸಿಟ್ಟು ಬರಾಕತ್ತೇತೇನು?"

"ಇಲ್ಲಪಾ. ಸರದು ಕುಂತೀನಿ."

ಕರಾರಿನ ಸುದ್ದಿ ಆಫೀಸಿಗೆಲ್ಲ ಗೊತ್ತಾಗಿತ್ತು, ಮೃತ್ಯುಂಜಯನ ದಯೆ. ಟೀಮ್ ಲೀಡ್ ರಿಯಾ ಒಂದೇ ವರದಿಯನ್ನು ಗದಿಗೆಪ್ಪನಿಂದ ಮೂರು ಸಲ ತಿದ್ದಿಸಿ, ಕೊನೆಗೆ ಮೊದಲಿನದೇ ಸರಿಯಿತ್ತು ಅಂದಳು. ಊಟದ ಹೊತ್ತಿಗೆ ಮೃತ್ಯುಂಜಯ ಗದಿಗೆಪ್ಪನ ಡಬ್ಬಿ ಬಿಚ್ಚಿ ಜೋಳದ ರೊಟ್ಟಿಯನ್ನು ಮುರಿಮುರಿದು ಎಲ್ಲರಿಗೂ ಹಂಚಿದ. ಡಬ್ಬಿಯ ಒಡೆಯನಿಗೆ ಶೇಂಗಾ ಚಟ್ನಿಪುಡಿ ಉಳಿಯಿತು. ಅವನು ಅದನ್ನೇ ಚಮಚೆಯಲ್ಲಿ ತಿಂದು ನೀರು ಕುಡಿದ. ತನ್ನ ತಾಳ್ಮೆ ಕಂಡು ತನಗೇ ಹೆಮ್ಮೆ ಬಂತು. ಹೆಮ್ಮೆಯ ಬಗ್ಗೆ ಕರಾರಿನಲ್ಲಿ ಏನೂ ಇರಲಿಲ್ಲ.

ಸಂಜೆ ಮನೆಗೆ ಬಿಡಲು ಬಂದ ಮೃತ್ಯುಂಜಯ ವ್ಯಾನನ್ನು ರಿವರ್ಸ್ ತೆಗೆದು ಮೆಂತ್ಯದ ಮಡಿಯ ಮೇಲೆ ನಿಲ್ಲಿಸಿದ. ಚಹಾ ಕುಡಿದ, ಊಟ ಮಾಡಿದ, ಎದ್ದು ಹೋಗಲಿಲ್ಲ. ಎಂಟು ಗಂಟೆಗೆ ಹಾರ್ಮೋನಿಯಂ ಬಿಚ್ಚಿಕೊಂಡು ಕೂತ.

"ತಿದಿ ಸೋರತೈತಿ. ನಿಮ್ಮಪ್ಪಗ ಯಾರೋ ಟೋಪಿ ಹಾಕ್ಯಾರ."

ಗದಿಗೆಪ್ಪ ಫೋನ್ ನೋಡಿದ. ಎಂಟೂ ಹತ್ತು. ಹಲ್ಲು ಕಚ್ಚಿ ನಕ್ಕ. ಹನ್ನೊಂದು. ಹನ್ನೆರಡು. ಖಾತ್ರಿಗೆ ಇರಲಿ ಎಂದು ಇನ್ನೂ ಐದು ನಿಮಿಷ ಕಾದು, ಎದ್ದು ನಿಂತ.

"ಕೈ ತಗಿಯೋ ಅದರ ಮ್ಯಾಲಿಂದ."

ಆಮೇಲೆ ಏಳು ವಾರ ಕೂಡಿಟ್ಟದ್ದೆಲ್ಲ ಹೊರಗೆ ಬಂತು: ಎಡ ಲೇನು, ರೊಟ್ಟಿ, ಮೆಂತ್ಯ, ಇಡೀ ಕನ್ನಡ ಕೂಟ. ಮೂರನೆಯ ಮನೆಯ ನಾಯಿ ಹಳೆಯ ಗೆಳೆಯ ಸಿಕ್ಕಿದ ಖುಷಿಯಲ್ಲಿ ದನಿಗೂಡಿಸಿತು. ಮೃತ್ಯುಂಜಯ ಅಂಗಳಕ್ಕೆ ಓಡಿದ, ಗದಿಗೆಪ್ಪ ಬೈಯುತ್ತಲೇ ಹಿಂದೆ ಹೋದ. ಅವನಿಗೆ ಎಷ್ಟು ಹಿತವೆನಿಸಿತೆಂದರೆ ಕತ್ತಲಾಗಿ ನಕ್ಷತ್ರ ಮೂಡಿದ್ದೂ ತಿಳಿಯಲಿಲ್ಲ.

ಬೇಲಿಯಾಚೆ ಮೆಂಡೆಲ್ ಪುಸ್ತಕ ಹಿಡಿದು ಹೊರಗೆ ಬಂದು, ಆಕಾಶ ನೋಡಿ, ಪ್ರಾರ್ಥನೆ ಹೇಳಿಕೊಂಡರು. ಎಂದಿನಂತೆ ಕೊನೆಗೆ ಇಂಗ್ಲಿಷಿನಲ್ಲೂ ಅಂದರು: "ಇಂದು ನಲವತ್ತೊಂಬತ್ತನೆಯ ದಿನ."

ಗದಿಗೆಪ್ಪನ ಬೈಗುಳ ನಡುವೆಯೇ ನಿಂತಿತು. "ಅದು ಈಗ ಮುಗಿಯಿತಲ್ಲ, ಮಿಸ್ಟರ್ ಮೆಂಡೆಲ್?"

"ಮುಗಿದದ್ದು ನಲವತ್ತೆಂಟು. ನಮ್ಮ ದಿನ ಸಂಜೆಗೆ ಹುಟ್ಟಿ ಮರುದಿನ ಸಂಜೆಗೆ ಮುಗಿಯುತ್ತದೆ. ಇದು ಅರಸುತನದ ಕೊನೆಯ ದಿನ, ತನ್ನನ್ನು ತಾನು ಆಳುವುದು." ಮೇಷ್ಟ್ರು ಮೃತ್ಯುಂಜಯನ ಬೆವರಿದ ಮುಖ ನೋಡಿ ಪುಸ್ತಕ ಮುಚ್ಚಿದರು.

ಕಮಲವ್ವ ಬಾಗಿಲಲ್ಲಿ ನಿಂತಿದ್ದಳು. "ಶುಕ್ರವಾರ ಸಂಜಿಗೆ ದೀಪ ಹಚ್ಚಿ ಶನಿವಾರ ಶುರು ಮಾಡೂ ಮಂದಿ ಅವರು. ನನಗ ಮೊದಲ ದಿನಾನ ಗೊತ್ತಿತ್ತು."

"ಮತ್ತ ಹೇಳಬೇಕಿಲ್ಲೇನು?"

"ಹೇಳಾಕ ಬಂದಿದ್ದೆ. ಎಣಿಕಿ ನಿನಗ ತಿಳಿಯೂದಿಲ್ಲ, ಒಳಗ ಹೋಗು ಅಂದ್ರಿ. ಭಾಳ ಸಮಾಧಾನದಿಂದ ಅಂದ್ರಿ. ಅದಕ್ಕ ಸುಮ್ಮನಾದೆ."

ಹಾರ್ಮೋನಿಯಂ ಒಬ್ಬನಿಂದ ಎತ್ತಲಾಗದಷ್ಟು ಭಾರವಿತ್ತು. ಒಂದು ತುದಿಯನ್ನು ಗದಿಗೆಪ್ಪನೇ ಹಿಡಿದು ವ್ಯಾನಿಗೆ ಏರಿಸಿದ. ಒಮ್ಮೆ ಮುಚ್ಚಳ ಎತ್ತಿ, ಮೂಸಿ, ಮುಚ್ಚಿದ.

ಮೃತ್ಯುಂಜಯ ವ್ಯಾನ್ ತಿರುಗಿಸುವಾಗ ಹಿಂದಿನ ಚಕ್ರ ಕೊತ್ತಂಬರಿ ಮಡಿಯತ್ತ ಹೊರಳಿತು. ಇನ್ನು ಕಳೆದುಕೊಳ್ಳುವುದೇನಿದೆ ಎಂದು ಗದಿಗೆಪ್ಪ ಬಾಯಿ ತೆರೆದ.

"ನಾಳೆ ಸಂಜಿತನಕ ಐತ್ರಿ," ಕಮಲವ್ವ ಅಂದಳು. "ನಿಮ್ಮಪ್ಪನ ತಬಲಾ ಇನ್ನೂ ಒಳಗೈತಿ."

ಗದಿಗೆಪ್ಪ ಬಾಯಿ ಮುಚ್ಚಿ, ವ್ಯಾನಿಗೆ ದಾರಿ ಬಿಟ್ಟು, ಸ್ವಲ್ಪ ಸರಿದು ನಿಂತ.