ಅತ್ತೆಯವರ ಮೊಣಕಾಲು ಮತ್ತು ನನ್ನ ಪಿಕಪ್ಪು

ನಮ್ಮ ಪಿಕಪ್ ಗಾಡಿಯ ಸವೆದುಹೋದ ಶಾಕ್ ಅಬ್ಸಾರ್ಬರುಗಳನ್ನು ಯಾವ ಮೆಕ್ಯಾನಿಕ್ಕಿನ ಹಂಗೂ ಇಲ್ಲದೆ, ಮನೆಯಂಗಳದಲ್ಲೇ, ಸ್ವಹಸ್ತದಿಂದ ಬದಲಾಯಿಸುತ್ತೇನೆ ಎಂದು ಶುಕ್ರವಾರ ಬೆಳಿಗ್ಗೆ ನಾನು ಶಪಥ ಮಾಡಿದೆ. ಹಿಂದಿನ ವೀರರು ಶಪಥ ಮಾಡುವಾಗ ಕೈಯಲ್ಲಿ ಖಡ್ಗ ಹಿಡಿದಿರುತ್ತಿದ್ದರಂತೆ. ನನ್ನ ಕೈಯಲ್ಲಿ ಚಹಾದ ಲೋಟವಿತ್ತು. ಕಾಲಕ್ಕೆ ತಕ್ಕ ಕೋಲ.

"ನೀವಾ?" ಎಂದಳು ನನ್ನ ಹೆಂಡತಿ.

ಒಂದೇ ಪದ. ಆದರೆ ಆ ಒಂದು ಪದದೊಳಗೆ ನಾನು ರಿಪೇರಿ ಮಾಡಿದ ಮೇಲೆ ತಿರುಗುವುದನ್ನೇ ಮರೆತ ಫ್ಯಾನು, ಯಾರೂ ಒತ್ತದಿದ್ದರೂ ಕೂಗಲು ಕಲಿತ ಕರೆಗಂಟೆ, ಹೊರಗಿನಿಂದ ಮಾತ್ರ ತೆರೆಯುವ ಬಚ್ಚಲ ಬಾಗಿಲು, ಎಲ್ಲ ಸಾಲಾಗಿ ಮೆರವಣಿಗೆ ಹೊರಟವು.

"ಹೌದು, ನಾನೇ," ಎಂದೆ. "ನಾಲ್ಕು ನಟ್ಟು, ನಾಲ್ಕು ಬೋಲ್ಟು. ಅದೇನು ಬ್ರಹ್ಮವಿದ್ಯೆಯಾ?"

ಇಷ್ಟು ಹಟಕ್ಕೆ ಕಾರಣವಿತ್ತು. ನಾವು ಸಮಾರಂಭಗಳಿಗೆ ಕುರ್ಚಿ ಮೇಜು ಬಾಡಿಗೆಗೆ ಕೊಡುವವರು. ಗಾಡಿ ಎಷ್ಟು ಕುಲುಕಿದರೂ ಈವರೆಗೆ ಯಾರೂ ದೂರಿದ್ದಿಲ್ಲ. ಪ್ಲಾಸ್ಟಿಕ್ ಕುರ್ಚಿಗೆ ಬೆನ್ನಿದೆ, ಬೆನ್ನುನೋವಿಲ್ಲ, ಕಾಲಿದೆ, ಕಾಲುನೋವಿಲ್ಲ. ಆದರೆ ಶನಿವಾರ ಸಂಜೆ ಆ ಗಾಡಿಯಲ್ಲಿ ಬರಬೇಕಾಗಿದ್ದವರು ನಮ್ಮ ಅತ್ತೆ. ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಲ್ಲಿದ್ದರು. ಮನೆಗೆ ಕಳಿಸುವ ಮುನ್ನ ಡಾಕ್ಟರು ಕರೆದು, "ದಾರಿಯಲ್ಲಿ ಜಾಸ್ತಿ ಕುಲುಕದ ಹಾಗೆ ಕರಕೊಂಡು ಹೋಗಿ" ಎಂದು ಹೇಳಿದ್ದರು.

"ಒಂದು ಕಾರು ಗೊತ್ತು ಮಾಡಿದರಾಯ್ತಪ್ಪ," ಎಂದು ಹೆಂಡತಿ ಅವರೆದುರಿಗೇ ಹೇಳಿದ್ದಳು.

"ಕಾರಿನ ಸೀಟು ತಗ್ಗು. ಕಾಲು ಮಡಚಬೇಕು," ಎಂದಿದ್ದರು ಅತ್ತೆ. ಆಮೇಲೆ ಪಕ್ಕದಲ್ಲಿದ್ದ ಸಿಸ್ಟರ್ ಕಡೆ ತಿರುಗಿ, "ನಮ್ಮ ಅಳಿಯಂದಿರ ಗಾಡಿ ಇದೆ. ಅವರೇ ಬಂದು ಕರಕೊಂಡು ಹೋಗ್ತಾರೆ" ಎಂದುಬಿಟ್ಟಿದ್ದರು.

ಓದುಗರೇ, ಈ ಮಾತಿನ ತೂಕ ನಿಮಗೆ ಗೊತ್ತಾಗಲಾರದು. ಮದುವೆಯಾದಾಗಿನಿಂದ ಅತ್ತೆಯ ಬಾಯಲ್ಲಿ ನಾನು "ನಿನ್ನ ಗಂಡ" ಆಗಿದ್ದೆ. "ನಿನ್ನ ಗಂಡ ಊಟ ಮಾಡಿದ್ರಾ?", "ನಿನ್ನ ಗಂಡ ಯಾಕೆ ಹಾಗೆ ನಗ್ತಾರೆ?" ಎಂದು ನಾನು ಎದುರಿಗೇ ಕೂತಿದ್ದರೂ ಮಗಳನ್ನೇ ಕೇಳುತ್ತಿದ್ದರು. ಅಂಥ ಬಾಯಿಂದ "ನಮ್ಮ ಅಳಿಯಂದಿರು" ಎಂಬ ಪದ ಹೊರಟಿತ್ತು. ಅದೂ ಸಾಕ್ಷಿಸಮೇತ. ನಾನು ಆಸ್ಪತ್ರೆಯ ಮೆಟ್ಟಿಲುಗಳನ್ನು ಗಾಳಿಯಲ್ಲಿ ಇಳಿದು ಬಂದಿದ್ದೆ.

ಬಂದವನೇ ಗಾಡಿಯ ಹಿಂಭಾಗವನ್ನು ಎರಡೂ ಕೈಯಿಂದ ಒತ್ತಿ ಬಿಟ್ಟು ನೋಡಿದೆ. ಒಳ್ಳೆಯ ಶಾಕ್ ಇದ್ದರೆ ಗಾಡಿ ಒಮ್ಮೆ ಎದ್ದು ಸುಮ್ಮನಾಗಬೇಕು. ನಮ್ಮದು ತೊಟ್ಟಿಲಿನ ಹಾಗೆ ತೂಗುತ್ತಲೇ ಇತ್ತು. ನಾನು ಕೈಕಾಲು ತೊಳೆದು ಬಂದಾಗಲೂ ಸಣ್ಣಗೆ ತೂಗುತ್ತಿತ್ತು ಎಂದರೆ ನೀವು ನಂಬುವುದಿಲ್ಲ, ಬಿಡಿ. ಗ್ಯಾರೇಜಿನವನಿಗೆ ಫೋನ್ ಮಾಡಿದರೆ, "ಸೋಮವಾರದ ತನಕ ಆಗಲ್ಲ ಸಾರ್" ಎಂದ. ಆಗಲೇ ಶಪಥ ಹುಟ್ಟಿದ್ದು. ಬಿಡಿಭಾಗಗಳ ಅಂಗಡಿಗೆ ಹೋಗಿ, ಭಾರ ಹೊರುವುದು ಗಾಡಿಯ ಹಿಂಭಾಗವೇ ತಾನೇ ಎಂದು ಹಿಂದಿನ ಒಂದು ಜೊತೆ ಹೊಸ ಶಾಕ್ ತಂದೆ. ಉದ್ದುದ್ದ ಡಬ್ಬಿಗಳನ್ನು ಹೆಗಲಿಗೇರಿಸಿಕೊಂಡು ಬೀದಿಯಲ್ಲಿ ನಡೆದು ಬಂದ ಠೀವಿಗೆ ಬೀದಿ ನಾಯಿಯೂ ಎದ್ದು ದಾರಿ ಬಿಟ್ಟಿತು.

ಶನಿವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಗಾಡಿಗೆ ಜಾಕ್ ಕೊಟ್ಟು ಎತ್ತಿದೆ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಹಳೆಯ ಶಾಕ್‌ನ ಕೆಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಎಳೆದೆ. ನಟ್ಟು ಅಲುಗಲಿಲ್ಲ. ಎಣ್ಣೆ ಬಿಟ್ಟೆ, ಕಾದೆ, ಸುತ್ತಿಗೆಯಿಂದ ತಟ್ಟಿದೆ, ಬೈದೆ, ಕೊನೆಗೆ ಬೇಡಿಕೊಂಡೆ. ತುಕ್ಕು ಹಿಡಿದ ನಟ್ಟಿಗೆ ಸಾಮ, ದಾನ, ಭೇದ ಯಾವುದೂ ತಿಳಿಯುವುದಿಲ್ಲ. ಉಳಿದದ್ದು ದಂಡ.

ದಂಡವನ್ನು ಹುಡುಕಿಕೊಂಡು ಒಳಗೆ ಹೋದೆ. ನಡುಮನೆಯ ಪರದೆ ಕಟ್ಟಿದ್ದ ಸ್ಟೀಲಿನ ಕೊಳವೆ ಕಣ್ಣಿಗೆ ಬಿತ್ತು. ಪರದೆಯನ್ನು ಸೋಫಾದ ಮೇಲೆ ಮಲಗಿಸಿ, ಕೊಳವೆಯನ್ನು ಸ್ಪ್ಯಾನರಿನ ಹಿಡಿಗೆ ತೂರಿಸಿ ಜಗ್ಗಿದೆ. ಕೊಳವೆ ವಿನಯದಿಂದ ಬಾಗಿ ನಮಸ್ಕರಿಸಿತು. ನಟ್ಟು ಹಾಗೇ ಇತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಕಾಂಪೌಂಡಿನಾಚೆಯಿಂದ ಇಣುಕಿದರು. ರಿಟೈರಾದ ಮೇಲೆ ಅವರಿಗೆ ಬೇರೆಯವರ ಕೆಲಸ ಬಿಟ್ಟರೆ ಬೇರೆ ಕೆಲಸವಿಲ್ಲ.

"ಅದು ಹಗುರದ ಕೊಳವೆ. ನಿಮಗೆ ಬೇಕಾಗಿರೋದು ಗಟ್ಟಿ, ಉದ್ದ," ಎಂದರು. "ಉದ್ದ ಜಾಸ್ತಿ ಆದಷ್ಟೂ ಬಲ ಜಾಸ್ತಿ. ಸೂತ್ರ ಅದು."

ಹೇಳಿ ಸುಮ್ಮನಾಗಲಿಲ್ಲ. ತಮ್ಮ ಮನೆಯ ಮುರಿದ ಉಯ್ಯಾಲೆಯ ಕಬ್ಬಿಣದ ಕೊಳವೆಯನ್ನು ಎಳೆದುಕೊಂಡು ಬಂದರು. ಅದು ಎಷ್ಟು ಉದ್ದವಿತ್ತೆಂದರೆ ಅದರ ಈ ತುದಿ ನಮ್ಮ ಗಾಡಿಯ ಕೆಳಗಿದ್ದರೆ ಆ ತುದಿ ಅಂಗಳದ ನಲ್ಲಿಯ ಹತ್ತಿರವಿತ್ತು. ನಾವಿಬ್ಬರೂ ಹಿಡಿದು ಜಗ್ಗಿದೆವು. ಮೇಷ್ಟ್ರ ಸೂತ್ರ ನಿಜವೇ ಆಗಿತ್ತು. ನಟ್ಟು "ಟಣ್" ಎಂದು ಬಿಟ್ಟುಕೊಂಡಿತು. ಕೊಳವೆಯ ಬಲ ಮಾತ್ರ ಅಲ್ಲಿಗೇ ಮುಗಿಯಲಿಲ್ಲ. ಅದು ನನ್ನ ಬಲಗೈ ಮಣಿಕಟ್ಟನ್ನು ತಿರುಚಿ ಹಾಗೇ ಮುಂದೆ ಹೋಗಿ ನಲ್ಲಿಯ ಕತ್ತಿಗೆ ಬಡಿಯಿತು. ನಲ್ಲಿ ಮುರಿದು ಮೇಷ್ಟ್ರ ಕಾಲಬುಡದಲ್ಲಿ ಬಿತ್ತು. ನೀರು ಮಾತ್ರ ಕೆಳಗೆ ಬೀಳಲು ಒಪ್ಪದೆ ನೇರ ನನ್ನ ಮುಖಕ್ಕೆ ನುಗ್ಗಿತು.

"ಕೈ ಅಡ್ಡ ಹಿಡೀರಿ, ಕೈ ಅಡ್ಡ ಹಿಡೀರಿ," ಎಂದರು ಮೇಷ್ಟ್ರು.

ಅಡ್ಡ ಹಿಡಿದೆ. ನೀರು ದಿಕ್ಕು ಬದಲಿಸಿ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ತೋಯಿಸಿತು. ಅವರು ಅಲ್ಲಿಂದ ಮುಂದೆ ಸಲಹೆ ಕೊಡಲಿಲ್ಲ.

ಒಳಗಿನಿಂದ ಹೆಂಡತಿಯ ದನಿ ಕೇಳಿಸಿತು. "ರೀ, ಬಚ್ಚಲಲ್ಲಿ ನೀರು ಯಾಕೆ ನಿಂತೋಯ್ತು?"

"ನಿಂತಿಲ್ಲ ಕಣೇ," ಎಂದೆ. "ಇಲ್ಲಿ ಬರ್ತಾ ಇದೆ."

ತಲೆಗೆ ಸ್ನಾನ ಮಾಡುತ್ತಿದ್ದವಳು ನೈಟಿ ಹಾಕಿಕೊಂಡು, ತಲೆಯ ಮೇಲೆ ಮೊಳದೆತ್ತರದ ನೊರೆ ಹೊತ್ತು ಹೊರಗೆ ಬಂದಳು. ಮುರಿದ ನಲ್ಲಿ ನೋಡಿದಳು. ಬಾಗಿದ ಪರದೆಯ ಕೊಳವೆ ನೋಡಿದಳು. ತೊಯ್ದ ಮೇಷ್ಟ್ರನ್ನು ನೋಡಿದಳು. ಏನೂ ಹೇಳದೆ ಮಹಡಿ ಹತ್ತಿ ಟ್ಯಾಂಕಿನ ವಾಲ್ವ್ ತಿರುಗಿಸಿ ಬಂದಳು. ಅವಳು ಬೈದಿದ್ದರೆ ಸಹಿಸಬಹುದಿತ್ತು. ಮೌನಕ್ಕೆ ನನ್ನ ಹತ್ತಿರ ಯಾವ ಸ್ಪ್ಯಾನರೂ ಇಲ್ಲ.

ನೀರು ನಿಂತಿತು. ಆದರೆ ಅಂಗಳ ಅಷ್ಟರಲ್ಲಿ ಕೆಸರುಗದ್ದೆಯಾಗಿತ್ತು. ನಾವು ಮೂವರೂ ನೋಡುತ್ತಿದ್ದಂತೆ ಜಾಕ್ ನಿಧಾನವಾಗಿ ನೆಲದೊಳಕ್ಕೆ ಇಳಿಯತೊಡಗಿತು. ಗಾಡಿ ಒಂದು ಕಡೆ ವಾಲಿ, ಗುಟ್ಟು ಕೇಳುವವರ ಹಾಗೆ ಕಿವಿಯೊಡ್ಡಿ ನಿಂತಿತು. ದೇವರ ದಯೆ, ನಾನು ಆಗ ಅದರ ಕೆಳಗಿರಲಿಲ್ಲ.

"ಸಂಜೆ ಅಮ್ಮನ್ನ ಕರಕೊಂಡು ಬರಬೇಕು," ಎಂದಳು ಹೆಂಡತಿ, ನೊರೆ ಕಣ್ಣಿಗೆ ಇಳಿಯದಂತೆ ಒರೆಸಿಕೊಳ್ಳುತ್ತ. "ಹೇಳಿ, ಕಾರಿಗೆ ಫೋನ್ ಮಾಡಲಾ?"

ನಾನು ಕೆಸರಿನಲ್ಲಿ ಕೂತೇ ತಲೆಯೆತ್ತಿದೆ. "ಅವರು ಸಿಸ್ಟರ್ ಹತ್ರ ಹೇಳಿಬಿಟ್ಟಿದ್ದಾರೆ ಕಣೇ. ನಮ್ಮ ಅಳಿಯಂದಿರು ಅಂತ."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನನ್ನ ಮುಖದಲ್ಲಿ ಆಗ ಏನಿತ್ತೋ ಗೊತ್ತಿಲ್ಲ, ಕೆಸರಂತೂ ಇತ್ತು. ಅವಳು ನೈಟಿಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು, "ಸರಿ, ಗೋಡೌನಿಂದ ದಪ್ಪ ಹಲಗೆ ತರ್ತೀನಿ. ಜಾಕ್ ಕೆಳಗೆ ಹಾಕೋಣ" ಎಂದಳು.

ಹಲಗೆ ಬಂತು. ಗಾಡಿ ಮತ್ತೆ ಎದ್ದಿತು. ಹಳೆಯ ಶಾಕ್ ಕಳಚಿತು. ಇನ್ನು ಹೊಸದನ್ನು ಕೂರಿಸುವುದೊಂದೇ ಬಾಕಿ. ಹೊಸ ಶಾಕ್ ಅಂಗಡಿಯಿಂದ ಬರುವಾಗ ಕುಗ್ಗಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿದು ಬರುತ್ತದೆ. ಜಾಗಕ್ಕೆ ಕೂರಿಸಿ, ಆಮೇಲೆ ಪಟ್ಟಿ ಕತ್ತರಿಸಬೇಕು. ಈ ಜ್ಞಾನ ನನಗೆ ಪಟ್ಟಿ ಕತ್ತರಿಸಿದ ಮೇಲೆ ಬಂತು. ನನ್ನ ಮಡಿಲಲ್ಲಿದ್ದ ಶಾಕ್ ನಿದ್ದೆಯಿಂದೆದ್ದವರು ಮೈಮುರಿಯುವ ಹಾಗೆ ನಿಧಾನವಾಗಿ, ನಾಚಿಕೆಯಿಲ್ಲದೆ ಉದ್ದವಾಗುತ್ತ ಹೋಯಿತು. ಅದರ ತುದಿ ನನ್ನ ಗದ್ದಕ್ಕೆ ಬಂದು ತಾಗಿ ನಿಂತಿತು.

ಮತ್ತೆ ಕುಗ್ಗಿಸಲು ನೆಲಕ್ಕೆ ಒತ್ತಿದೆ. ಕುಗ್ಗಿತು. ಕೈ ಬಿಟ್ಟರೆ ಎದ್ದು ಬಂತು. ಅದರ ಮೇಲೆ ಕೂತೆ. ಅದು ನನ್ನನ್ನೂ ಎತ್ತಿಕೊಂಡೇ ಮೇಲೆ ಬಂತು. ಮೇಷ್ಟ್ರು ಮನೆಗೆ ಹೋಗಿ ಬಟ್ಟೆ ಬದಲಿಸಿ ಬಂದು, ಈ ಸಲ ದೂರದಲ್ಲೇ ನಿಂತು, "ಶಾಕ್ ಹಾಕೋಕೆ ಹೋಗಿ ನೀವೇ ಶಾಕ್ ಹೊಡೆಸಿಕೊಂಡ್ರಲ್ಲ" ಎಂದರು. ಅವರು ತೊಯ್ದಾಗಲೇ ಚೆನ್ನಾಗಿದ್ದರು.

"ರೀ, ಅದನ್ನ ಯಾಕೆ ಕುಗ್ಗಿಸ್ತೀರಿ?" ಎಂದಳು ಹೆಂಡತಿ. "ಗಾಡಿಯನ್ನೇ ಇನ್ನಷ್ಟು ಮೇಲೆ ಎತ್ತಿ. ಚಕ್ರ ಕೆಳಗೆ ಜೋತುಬೀಳತ್ತೆ, ಅದಕ್ಕೆ ಬೇಕಾದಷ್ಟು ಜಾಗ ತಾನೇ ಆಗತ್ತೆ. ದಿಂಬು ದಪ್ಪ ಇದ್ರೆ ಕವರ್ ಬಾಯಿ ಅಗಲ ಮಾಡ್ತೀವಪ್ಪ, ದಿಂಬಿನ ಜೊತೆ ಕುಸ್ತಿ ಮಾಡಲ್ಲ."

ನಾನು ಅದನ್ನೇ ಹೇಳಬೇಕೆಂದಿದ್ದೆ ಎಂದು ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಗಾಡಿ ಎತ್ತಿದೆವು, ಶಾಕ್ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ನನ್ನ ಬಲಗೈ ಅಷ್ಟರಲ್ಲಿ ಊದಿಕೊಂಡು ಬನ್ನಿನಂತಾಗಿತ್ತು. ಇನ್ನೊಂದು ಕಡೆಯ ಶಾಕನ್ನು ನಾನು ಎಡಗೈಯಲ್ಲೂ ಅವಳು ಎರಡು ಕೈಯಲ್ಲೂ ಹಾಕಿದೆವು. ಅವಳ ತಲೆಯ ನೊರೆ ಒಣಗಿ, ಕೂದಲು ಬಣ್ಣ ಹಚ್ಚುವ ಬ್ರಷ್ಷಿನ ಹಾಗೆ ನಿಂತಿತ್ತು. ಅದನ್ನು ಹೇಳುವಷ್ಟು ಮೂರ್ಖ ನಾನಲ್ಲ.

ಗಾಡಿ ಇಳಿಸಿ ಹಿಂಭಾಗ ಒತ್ತಿ ಬಿಟ್ಟೆ. ಒಮ್ಮೆ ಎದ್ದಿತು. ಸುಮ್ಮನಾಯಿತು. ಮತ್ತೆ ಒತ್ತಿದೆ. ಮತ್ತೆ ಹಾಗೇ, ಗಂಭೀರವಾಗಿ ನಿಂತಿತು. ಹೆಂಡತಿಯೂ ಬಂದು ಒತ್ತಿ ನೋಡಿ, "ಪರವಾಗಿಲ್ಲ ರೀ, ಮಾಡಿಬಿಟ್ರಿ" ಎಂದಳು. ಸನ್ಮಾನ ಸಮಾರಂಭಗಳಿಗೆ ಕುರ್ಚಿ ಹಾಕಿಯೇ ಬದುಕಿದ ನನಗೆ ಅದೇ ಮೊದಲ ಸನ್ಮಾನ.

ಪಕ್ಕದ ಮನೆಯಿಂದ ಬಕೆಟ್ಟಿನಲ್ಲಿ ನೀರು ತಂದು ಇಬ್ಬರೂ ಮನುಷ್ಯರ ರೂಪಕ್ಕೆ ಮರಳಿ ಆಸ್ಪತ್ರೆಗೆ ಹೊರಟೆವು. ಮಣಿಕಟ್ಟಿಗೆ ಪಟ್ಟಿ ಸುತ್ತಿದ್ದರಿಂದ ಅವಳೇ ಓಡಿಸಿದಳು. ಅತ್ತೆ ವಾಕರ್ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು. ನನ್ನ ಕೈ ನೋಡಿದರು, ಕಿವಿಯ ಸಂದಿಯಲ್ಲಿ ಉಳಿದಿದ್ದ ಕೆಸರು ನೋಡಿದರು.

"ಇದೇನೇ, ನಿನ್ನ ಗಂಡ..." ಎಂದು ಶುರು ಮಾಡಿದರು.

"ನಿನಗೆ ಕುಲುಕಬಾರದು ಅಂತ ಬೆಳಗಿಂದ ಗಾಡಿ ಕೆಳಗೇ ಇದ್ರಮ್ಮ," ಎಂದಳು ಹೆಂಡತಿ.

ಅತ್ತೆ ನನ್ನ ಕಡೆ ತಿರುಗಿದರು. ಆಮೇಲೆ, ನೇರವಾಗಿ ನನ್ನನ್ನೇ, "ನೋವಿದೆಯಾ?" ಎಂದು ಕೇಳಿದರು. ನಾನು ಇಲ್ಲವೆಂದೆ. ಹಸಿ ಸುಳ್ಳು. ಆದರೆ ಆ ಹೊತ್ತಿಗೆ ನಿಜವಾಗಿಯೂ ಇರಲಿಲ್ಲ.

ಅವರನ್ನು ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿದೆವು. ವಾಕರ್ ಹಿಡಿದು ನಾನು ಹಿಂದಿನ ತೊಟ್ಟಿಯಲ್ಲಿ, ಟಾರ್ಪಾಲಿನ ಮೇಲೆ ಕೂತೆ. ಗಾಡಿ ಹೊರಟಿತು. ಆಹಾ, ಅದೇನು ಸುಖ! ರಸ್ತೆಯ ಗುಂಡಿಗಳನ್ನೆಲ್ಲ ಯಾರೋ ರಾತ್ರೋರಾತ್ರಿ ಮುಚ್ಚಿಬಿಟ್ಟರೇ ಎನ್ನಿಸುವಂತಿತ್ತು. ನಾನು ಹಿಂದಿನ ಗಾಜಿಗೆ ತಟ್ಟಿ, "ಹೇಗಿದೆ ಅತ್ತೆ?" ಎಂದು ಕೂಗಿದೆ. ಗಾಜಿನಾಚೆ ಅತ್ತೆ ಬಲಗೈ ಮೇಲೆತ್ತಿದರು. ಆಶೀರ್ವಾದ! ನಾನು ಎಡಗೈಯನ್ನೇ ಎದೆಗಿಟ್ಟು ತಲೆಬಾಗಿದೆ. ಮಾರುಕಟ್ಟೆಯ ತಿರುವಿನಲ್ಲಿ ಮತ್ತೆ ತಟ್ಟಿದೆ. ಈ ಸಲ ಎರಡೂ ಕೈ ಎತ್ತಿದರು. ನನ್ನ ಕಣ್ಣು ತುಂಬಿ ಬಂತು. ಹೆಂಡತಿ ಮಾತ್ರ ಯಾಕೋ ಗಾಡಿಯನ್ನು ನಿಧಾನ ಮಾಡುತ್ತ ಮಾಡುತ್ತ, ಕೊನೆಗೆ ಸೈಕಲ್ಲಿನವರೂ ನಮ್ಮನ್ನು ದಾಟಿಕೊಂಡು ಹೋಗುವಂತಾಯಿತು.

ಮನೆ ತಲುಪಿ ಅತ್ತೆಯನ್ನು ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟೆವು. ಮೊಣಕಾಲು ಕ್ಷೇಮವಾಗಿತ್ತು. ಅವರ ಜಡೆ ಮಾತ್ರ ಪೂರಾ ಬಿಚ್ಚಿಹೋಗಿತ್ತು.

"ಹೇಗಿತ್ತು ಅತ್ತೆ ಪ್ರಯಾಣ?" ಎಂದು ವಿನಯದಿಂದ ಕೇಳಿದೆ.

ಅತ್ತೆಗಿಂತ ಮುಂಚೆ ಹೆಂಡತಿ ಬಾಯಿಬಿಟ್ಟಳು. "ರೀ, ಬೆಳಗಿಂದ ನಾವು ಶಾಕ್ ಹಾಕಿದ್ದು ಎಲ್ಲಿಗೆ?"

"ಹಿಂದಕ್ಕೆ."

"ಅಮ್ಮ ಕೂತಿದ್ದು?"

ನಾನು ತಿರುಗಿ ಗಾಡಿಯ ಮೂತಿಯನ್ನು ನೋಡಿದೆ. ಮುಂದಿನ ಎರಡು ಶಾಕ್‌ಗಳು ಗಾಡಿಯ ಜೊತೆಗೇ ಹುಟ್ಟಿ ಗಾಡಿಯ ಜೊತೆಗೇ ಮುದಿಯಾದವು.

"ನನಗೂ ಹೊಳೀಲಿಲ್ಲ, ಬಿಡಿ," ಎಂದಳು ಅವಳು. ಅಷ್ಟಕ್ಕೇ ತಡೆಯಲಾರದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

"ಹಾಗಾದ್ರೆ ಅತ್ತೆ, ನೀವು ಕೈ ಎತ್ತಿದ್ದು..."

"ತಲೆ ಮೇಲೆ ಹಿಡಕೊಳ್ಳೋಕೆ ಏನಾದ್ರೂ ಸಿಗತ್ತಾ ಅಂತ ಹುಡುಕ್ತಾ ಇದ್ದೆ," ಎಂದರು ಅತ್ತೆ.

ನಾನು ಭೂಮಿ ಬಾಯಿಬಿಡಲಿ ಎಂದು ಕಾದೆ. ಅತ್ತೆ ಲೋಟ ಕೆಳಗಿಟ್ಟು, ನನ್ನ ಊದಿದ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡು ಮೆಲ್ಲಗೆ ತಟ್ಟಿದರು.

"ಬೇಜಾರು ಮಾಡ್ಕೋಬೇಡಿ ಅಳಿಯಂದಿರೇ. ಮುಂದಿನ ಸಲ ನಾನು ಹಿಂದೆ ಕೂರ್ತೀನಿ."