ಕಳ್ಳನಿಗೆ ಬರೆಸಿದ ಕಾಗದ

ಓದಿದ್ದು ನಾಲ್ಕನೇ ಕ್ಲಾಸು, ಕೇಳಿಸಿಕೊಂಡಿದ್ದು ಎಪ್ಪತ್ತೆರಡು ವರ್ಷ. ಸೊಸೆ ಫೋನಿನಲ್ಲಿ ಗೆಳತಿಯರಿಗೆ ಹೇಳುವುದನ್ನು ಬಟಾಣಿ ಸುಲಿಯುತ್ತ ಕೇಳಿ ಕೇಳಿ, ಈಮೇಲ್ ಕಳ್ಳರ ಕಸುಬೆಲ್ಲ ನನಗೆ ಬಾಯಿಪಾಠ. ಅವಸರ ಮಾಡುವವನು ಕಳ್ಳ. ಗುಟ್ಟು ಕೇಳುವವನು ಕಳ್ಳ. ನಾನಿರುವ ತನಕ ಈ ಮನೆಯಿಂದ ಒಂದಕ್ಷರವೂ ಕಳುವಾಗದು ಎಂದು ಊಟದ ಮೇಜಿನಲ್ಲೇ ಘೋಷಿಸಿದ್ದೆ.

ಮಂಗಳವಾರ ಬೆಳಿಗ್ಗೆ ನಮ್ಮವರು ಕಂಪ್ಯೂಟರ್ ಮುಂದೆ ಕೂತು ಕರೆದರು. "ನೋಡೇ ಇಲ್ಲಿ, ನಮ್ಮ ಈಮೇಲ್ ಇವತ್ತು ಸಂಜೆ ಮುಚ್ಚಿಹೋಗುತ್ತಂತೆ. ಹುಟ್ಟಿದ ತಾರೀಖು, ವಿಳಾಸ, ಪಾಸ್‌ವರ್ಡ್ ಕಳಿಸಿ ಅಂತಾರೆ."

ಮಗಳು ಹನ್ನೊಂದು ವರ್ಷದಿಂದ ಬರೆದ ಕಾಗದಗಳೆಲ್ಲ ಆ ಈಮೇಲಿನಲ್ಲೇ ಇವೆ. ಮೊಮ್ಮಗಳ ಮೊದಲ ಹಲ್ಲಿನ ಫೋಟೋ ಇದೆ. ಬೇರೆಲ್ಲೂ ಇಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು.

"ಕಳ್ಳ ರೀ ಅವನು. ಸುಮ್ನೆ ಬಿಡಬಾರದು, ಉತ್ತರ ಬರೀರಿ. ನಾನು ಹೇಳ್ತೀನಿ."

ನಮ್ಮವರು ಮೂವತ್ತಾರು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಹೇಳಿದ್ದು ಕಿವಿಯಿಂದ ನೇರ ಬೆರಳಿಗಿಳಿಯುತ್ತದೆ. ನಡುವೆ ತಲೆಯಲ್ಲಿ ನಿಲ್ಲುವುದಿಲ್ಲ.

"ಏನಯ್ಯಾ, ನಮ್ಮನ್ನ ಯಾರು ಅಂದ್ಕೊಂಡೆ? ನಲವತ್ತೇಳು ವರ್ಷದಿಂದ ದರ್ಜಿ ಅಂಗಡಿ ಎದುರಿನ ಹದಿನಾಲ್ಕನೇ ನಂಬರ್ ಮನೇಲಿ ಮರ್ಯಾದೆಯಿಂದ ಬಾಳಿದೋರು. ಬರೋ ಜೂನ್ ಒಂಬತ್ತಕ್ಕೆ ಎಪ್ಪತ್ತೆಂಟು ತುಂಬೋ ನಮ್ಮ ಯಜಮಾನರನ್ನ ಹೆದರಿಸ್ತೀಯಾ? ಪಾಸ್‌ವರ್ಡ್ ಬೇಕಾ ನಿಂಗೆ? ಅದು ನಮ್ಮ ನಾಯಿ ಹೆಸರು, ಅದರ ಮುಂದೆ ನಮ್ಮ ಮದುವೆ ವರ್ಷ, ಎಪ್ಪತ್ತಾರು. ನಾಯಿ ಹೆಸರು ಮಾತ್ರ ನಿಮ್ಮಪ್ಪ ಬಂದು ಕೇಳಿದ್ರೂ ಹೇಳಲ್ಲ."

ಕಳಿಸಿಯೂ ಆಯಿತು. ಯುದ್ಧ ಗೆದ್ದವಳ ಹಾಗೆ ಕಾಲು ಚಾಚಿ ಕೂತು ಚಹಾ ಕುಡಿದೆ.

ಮಧ್ಯಾಹ್ನ ಸೊಸೆ ಆಫೀಸಿನಿಂದ ಊಟಕ್ಕೆ ಬರುವುದಕ್ಕೂ ಕಳ್ಳನ ಉತ್ತರ ಬರುವುದಕ್ಕೂ ಸರಿಹೋಯಿತು. ಅವಳೇ ಓದಿದಳು: "ಪೂಜ್ಯರೇ, ತುಂಬಾ ಉಪಕಾರವಾಯಿತು. ನಾಯಿಯ ಹೆಸರೊಂದು ಉಳಿದಿದೆ."

ಆಮೇಲೆ ಕೆಳಗಿದ್ದ ನನ್ನ ಕಾಗದವನ್ನೂ ಓದಿದಳು. "ಅತ್ತೆ, ಅವನು ಕೇಳದೇ ಇದ್ದದ್ದನ್ನೂ ಕೊಟ್ಟಿದ್ದೀರಲ್ಲ."

ಅವಳ ಮಾತು ನನ್ನ ಕಿವಿಗೆ ಬಿದ್ದರೆ ತಾನೆ? ಕಳ್ಳನ ಪೊಗರು ನೋಡಿ ಸಿಟ್ಟು ನೆತ್ತಿಗೇರಿತ್ತು. "ಬರೀರಿ ರೀ! ಡೊಳ್ಳು ಅನ್ನೋ ಹೆಸರು ಸತ್ತರೂ ನನ್ನ ಬಾಯಿಂದ ಬರಲ್ಲ ಅಂತ ಬರೀರಿ."

ನಮ್ಮವರ ಬೆರಳು ಆಗಲೇ ಟಕಟಕ ಓಡುತ್ತಿತ್ತು. ಸೊಸೆ ಹಾರಿಹೋಗಿ ಗೋಡೆಯಿಂದ ವೈರನ್ನೇ ಕಿತ್ತಳು.

ಮಗಳ ಕಾಗದಗಳು ಉಳಿದವು. ಪಾಸ್‌ವರ್ಡ್ ಬದಲಾಯಿತು. ನನ್ನನ್ನು ಅಡುಗೆಮನೆಗೆ ಕಳಿಸಿ ಮಾವ ಸೊಸೆ ಇಬ್ಬರೇ ಪಿಸುಗುಟ್ಟಿ ಹೊಸದನ್ನು ಗೊತ್ತುಮಾಡಿಕೊಂಡರು. ನಾನು ಬಾಗಿಲಿಗೆ ಕಿವಿಯಿಟ್ಟು ನಿಂತೇ ಇದ್ದೆ. ಎಪ್ಪತ್ತೆರಡು ವರ್ಷದಲ್ಲಿ ಈ ಕಿವಿಗೆ ಸಿಗದೆ ತಪ್ಪಿಸಿಕೊಂಡ ಮಾತು ಅದೊಂದೇ.