ಬೀಗ ಬಿದ್ದ ಮೇಜು

ಲ್ಯಾಪ್‌ಟಾಪನ್ನು ಬಯಲಲ್ಲಿ ಬಿಟ್ಟು ಕಣ್ಣು ಮುಚ್ಚುವುದೆಂದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ ಎಂದು ಯಾರೋ ಹೇಳಿದ್ದನ್ನು ನಂಬಿ, ಅನುವಾದಕ ಅಂದು ಬೆಳಿಗ್ಗೆ ಹೊಸ ಉಕ್ಕಿನ ಕೇಬಲ್ ಬೀಗ ತಂದ. ಗ್ರಂಥಾಲಯದ ಕಿಟಕಿ ಪಕ್ಕದ ಮೇಜಿನ ಅಡ್ಡಪಟ್ಟಿಗೆ ಕೇಬಲ್ ಸುತ್ತಿ, ತುದಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ನಾಲ್ಕಂಕಿಯ ಗುಟ್ಟಿನ ಸಂಖ್ಯೆ ಕೂರಿಸಿದ. ಯಾರ ಕಣ್ಣಿಗೂ ಬೀಳದಿರಲೆಂದು ಅದನ್ನು ಎಲ್ಲೂ ಬರೆದಿಡಲಿಲ್ಲ.

ಕಾದಂಬರಿಯ ಕೊನೆಯ ಅಧ್ಯಾಯ ಸಂಜೆ ಐದರೊಳಗೆ ಪ್ರಕಾಶಕರಿಗೆ ತಲುಪಬೇಕಿತ್ತು. ತಪ್ಪಿದರೆ ಪುಸ್ತಕ ಇನ್ನೊಬ್ಬರ ಪಾಲು. ಮನೆಯಲ್ಲಿ ಹೆಂಡತಿಯ ಹೊಲಿಗೆ ತರಗತಿ. ಆರು ಯಂತ್ರಗಳು ಒಟ್ಟಿಗೆ ಓಡುವಾಗ ಅವನಿಗೆ ತನ್ನ ಹೆಸರೇ ನೆಟ್ಟಗೆ ಬರೆಯಲಾಗುತ್ತಿರಲಿಲ್ಲ. ಈ ಮೇಜಿನ ಬಳಿ ಮಾತ್ರ ವಾಕ್ಯಗಳು ತಾವಾಗಿಯೇ ನಡೆದು ಬರುತ್ತಿದ್ದವು.

ಊಟದ ಹೊತ್ತು ಕಳೆಯಿತು. ಪರದೆಯ ಮೇಲೆ ಎಲೆಗಳ ನೆರಳು ಮೀನುಗಳಂತೆ ಈಜುತ್ತಿತ್ತು. ಕಾದಂಬರಿಯ ನಾಯಕಿ ದೋಣಿ ಹತ್ತಿದಳು. ಅವನೂ ಅವಳ ಹಿಂದೆಯೇ ಹತ್ತಿ ನಿದ್ದೆಹೋದ.

ಕಣ್ಣು ಬಿಟ್ಟಾಗ ಮೇಜಿನ ನಾಲ್ಕು ಮೂಲೆಯಲ್ಲಿ ನಾಲ್ವರು ಆಳುಗಳು ನಿಂತಿದ್ದರು.

"ಲ್ಯಾಪ್‌ಟಾಪ್ ತೆಗೀರಿ ಸಾರ್. ಹಳೇ ಮೇಜೆಲ್ಲ ಮಾರಿಬಿಟ್ವಿ," ಎಂದಳು ಗ್ರಂಥಪಾಲಕಿ.

ಅವನು ಬೀಗಕ್ಕೆ ಕೈಹಾಕಿದ. ಸಂಖ್ಯೆ ನಿದ್ದೆಯಲ್ಲೇ ಉಳಿದುಹೋಗಿತ್ತು.

ಪತ್ರಿಕೆ ಓದುತ್ತಿದ್ದ ನಿವೃತ್ತ ಗಣಿತದ ಮೇಷ್ಟ್ರು ಕುರ್ಚಿ ಎಳೆದುಕೊಂಡು ಬಂದರು. "ಹೆಂಡ್ತಿ ಹುಟ್ಟಿದ ದಿನ ಹಾಕಿ ನೋಡಿ."

"ಅದು ಕಳ್ಳನಿಗೂ ಹೊಳೆಯುತ್ತೆ ಅಂತ ಹಾಕ್ಲಿಲ್ಲ ಸಾರ್."

"ನಿಮಗೆ ಹೊಳೆಯೋದನ್ನೂ ಹಾಕಿಲ್ಲ. ಹೋಗ್ಲಿ, ಸೊನ್ನೆಯಿಂದ ಶುರುಮಾಡಿ. ಇರೋದೇ ಹತ್ತು ಸಾವಿರ. ಒಂದಕ್ಕೆ ಎರಡು ಸೆಕೆಂಡ್, ಐದೂವರೆ ಗಂಟೇಲಿ ಮುಗೀತು."

ಗಡಿಯಾರ ಆಗಲೇ ಮೂರು ಹೊಡೆದಿತ್ತು.

ಮೇಜುಗಳನ್ನು ಒಯ್ಯಲು ಬಂದಿದ್ದ ಟೆಂಪೋ ಚಾಲಕನಿಗೆ ಗಣಿತದ ಮೇಲೆ ಗೌರವವಿರಲಿಲ್ಲ. "ನಾನಿನ್ನೂ ಮೂರು ಕಡೆ ಹೋಗ್ಬೇಕು. ಮೇಜು ಕೊಂಡೋರ ಹತ್ರ ಗರಗಸ ಇದ್ರೆ ಅಡ್ಡಪಟ್ಟಿ ಕುಯ್ಸಿಕೊಳ್ಳಿ. ಹತ್ತಿ ನೀವೂ."

ಹೀಗೆ ಅನುವಾದಕ ತೆರೆದ ಟೆಂಪೋದಲ್ಲಿ ಮೇಜಿನ ಮುಂದೆ ಕುರ್ಚಿ ಹಾಕಿ ಕುಳಿತ. ಮೊದಲು ನಾಚಿಕೆಯಾಯಿತು. ಆಮೇಲೆ ಮರಗಳ ಕೊಂಬೆಗಳು ತಲೆಯ ಮೇಲೆ ಹಿಂದಕ್ಕೆ ಹರಿದವು, ಮಹಡಿಗಳಲ್ಲಿ ಒಣಹಾಕಿದ ಬಟ್ಟೆಗಳು ಹಾಯಿಗಳಂತೆ ಉಬ್ಬಿದವು. ಬೀದಿಯೇ ಹೊಳೆಯಾಗಿ, ಅವನು ನಾಯಕಿಯ ಜೊತೆ ತೇಲಿದ. ಬೆರಳುಗಳು ಓಡಿದವು. ಜನ ನಿಂತು ನೋಡಿದ್ದು, ಟೆಂಪೋ ಅಲ್ಲಲ್ಲಿ ನಿಂತು ಕುರ್ಚಿ, ಬೀರು ಇಳಿಸಿದ್ದು ಅವನ ಗಮನಕ್ಕೆ ಬರಲೇ ಇಲ್ಲ. ಅಷ್ಟು ಸುಖವಾಗಿ ಅವನು ಹಿಂದೆಂದೂ ಬರೆದಿರಲಿಲ್ಲ.

ಇನ್ನೆರಡು ಪುಟ ಉಳಿದಾಗ ಗಾಡಿ ಕೊನೆಯ ಸಲ ನಿಂತಿತು. ನಾಲ್ಕೂಕಾಲು. ಆಳುಗಳು ಮೇಜನ್ನು ಲ್ಯಾಪ್‌ಟಾಪ್ ಸಮೇತ ಎತ್ತಿದರು. ಅವನು ಬರೆಯುತ್ತಲೇ ಪಕ್ಕದಲ್ಲಿ ನಡೆದು, ಮೆಟ್ಟಿಲು ಹತ್ತಿ, ಹೊಸ್ತಿಲು ದಾಟಿ ತಲೆಯೆತ್ತಿದ. ಎದುರಿಗೆ ಹೆಂಡತಿ ನಿಂತಿದ್ದಳು.

"ಅಯ್ಯೋ, ನೀವೇ ತಂದ್ರಾ? ನಿಮಗೆ ಗೊತ್ತಾಗ್ದ ಹಾಗೆ ತರಿಸೋಣ ಅಂತಿದ್ದೆ," ಎಂದಳು ಅವಳು. "ದಿನಾ ಇದೇ ಮೇಜು, ಇದೇ ಮೇಜು ಅಂತಿದ್ರಲ್ಲ. ಇನ್ನು ಅಷ್ಟು ದೂರ ಯಾಕೆ ಹೋಗ್ಬೇಕು?"

ಅವಳ ಮುಖ ಅರಳಿತ್ತು. ಯಂತ್ರಗಳ ಸದ್ದು ತಾಳದೆ ಅಲ್ಲಿಗೆ ಹೋಗುತ್ತಿದ್ದೆನೆಂಬ ನಿಜವನ್ನು ಆ ಮುಖದೆದುರು ಹೇಳುವ ಧೈರ್ಯ ಅವನಿಗಾಗಲಿಲ್ಲ. "ಗರಗಸ ಇದ್ಯಾ?" ಎಂದಷ್ಟೇ ಕೇಳಿದ.

"ಇಂಥಾ ಮೇಜು ಕುಯ್ಯೋದಾ? ಬಾಯಿ ತೊಳ್ಕೊಳ್ಳಿ."

ಮೇಜು ಆರು ಯಂತ್ರಗಳ ನಡುವೆ ಕುಳಿತಿತು. ಆರೂ ಒಟ್ಟಿಗೆ ಹೊರಟವು. ಅವನು ಮಂಡಿಯೂರಿ, ಮೇಜಿನ ಕಾಲು ತಬ್ಬಿಕೊಂಡು, ಬೀಗದ ಅಂಕಿಗಳನ್ನು ಸೊನ್ನೆಯಿಂದ ತಿರುಗಿಸಲು ಶುರುಮಾಡಿದ.

ಹೆಂಡತಿ ಶಿಷ್ಯೆಯರತ್ತ ತಿರುಗಿ ಮೆಲ್ಲಗೆ ಹೇಳಿದಳು: "ನೋಡಿದ್ರಾ, ಬಿಟ್ಟೇಳೋಕೆ ಮನಸ್ಸೇ ಇಲ್ಲ ಅವ್ರಿಗೆ."